ಕಸೂಬಾಳ ಅಪ್ಪ ಎಂಬ ಹಕ್ಕಿ

"ಏ ಕೋತಿ ತಿನ್ನೋನೇ, ಇನ್ನೂ ಇದ್ದೀಯಾ? ಮಣ್ಣಿಗೆ ಹೋಗಿರ್ತೀಯ ಅಂತ ಹೂವು ಬೇರೆ ತಂದಿದ್ನಲ್ಲೋ!"

ಡಾಕ್ಟರ್ ತಾಂಡೆ ಜೆರೆ ಸಂಗ್ರಹಾಲಯದ ಹಿಂಬಾಗಿಲಿನಿಂದ ಒಳಗೆ ಬರುವುದೇ ಹೀಗೆ. ಮೂವತ್ತೆರಡು ವರ್ಷದ ಹೆಣ್ಣು ಎಪ್ಪತ್ತಾರು ತುಂಬಿದ ಮುದುಕನಿಗೆ ಬೆಳಬೆಳಗ್ಗೆ ಆಡುವ ಮಾತೇ ಇದು ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರು ಕಣ್ಣು ಬಿಡುತ್ತಾರೆ.

"ಇಲಿ ಹಿಡಿಯೋಳು ಬಂದ್ಲು. ಅಳಿಲು, ಹೆಗ್ಗಣ ಇರೋ ಕಪಾಟಿಗೆಲ್ಲ ಬೀಗ ಹಾಕ್ರಪ್ಪೋ" ಎಂದು ಲಾಮೆಕ್ ಸಂಪಾ ತಲೆ ಎತ್ತದೆಯೇ ಉತ್ತರ ಕೊಟ್ಟ.

ಸಂಪಾ ಬೆಂಬಾ ಪಂಗಡದವನು, ಜೆರೆ ಎಂಗೋನಿ ಪಂಗಡದವಳು; ಅವರು ಕೋತಿ ತಿನ್ನುವವರು, ಇವರು ಇಲಿ ತಿನ್ನುವವರು ಎಂಬುದು ಹಳೆಯ ಬೈಗುಳ. ಮುತ್ತಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಬಡಿದಾಡಿದ ಈ ಎರಡು ಜನ ಈಗ ಬಾಯಲ್ಲೇ ಬಡಿದಾಡುತ್ತಾರೆ. ಒಬ್ಬರನ್ನೊಬ್ಬರು ಏನು ಬೈದರೂ ಕೋಪ ಮಾಡಿಕೊಳ್ಳುವಂತಿಲ್ಲ, ವಯಸ್ಸು ನೋಡುವಂತಿಲ್ಲ, 'ನೀವು' ಎನ್ನುವಂತಿಲ್ಲ. ಸಾವಿನ ಮನೆಯಲ್ಲಂತೂ ಇವರದ್ದೇ ದರ್ಬಾರು. ಎದುರು ಪಂಗಡದವನು ಸತ್ತರೆ ಹೆಣದ ದಾರಿಗೆ ಅಡ್ಡ ಮಲಗಿ, ಕೋಳಿ ಕೊಟ್ಟರೆ ಮಾತ್ರ ಏಳುತ್ತೇನೆ ಎಂದು ಹಟ ಹಿಡಿದು, ಅಳುತ್ತಿದ್ದವರನ್ನು ನಗಿಸಿಯೇ ಬಿಡುತ್ತಾರೆ. ಅಂಥ ಸಲಿಗೆ ಸ್ವಂತ ತಮ್ಮನಿಗೂ ಇಲ್ಲ.

ಸಂಪಾ ಆ ಸಂಗ್ರಹಾಲಯದಲ್ಲಿ ನಲವತ್ತು ವರ್ಷ ಹಕ್ಕಿಯ ತೊಗಲು ಬಿಡಿಸಿ, ಬಿಳಿಗಾರದ ಪುಡಿ ಸವರಿ, ಹತ್ತಿ ತುಂಬಿ ಹೊಲಿದವನು. ನಿವೃತ್ತಿಯಾಗಿ ಹದಿನಾರು ವರ್ಷವಾದರೂ ಶುಕ್ರವಾರ ತಪ್ಪದೆ ಬರುತ್ತಾನೆ. ಡ್ರಾಯರುಗಳಲ್ಲಿ ನುಸಿಗುಳಿಗೆ ಬದಲಾಯಿಸಬೇಕು ಎಂಬುದು ನೆಪ. ನುಸಿಗುಳಿಗೆಯನ್ನು ಯಾರು ಬೇಕಾದರೂ ಬದಲಾಯಿಸಬಹುದು. ಅವನು ಬರುತ್ತಿದ್ದುದು ಹದಿನೇಳನೆಯ ಡ್ರಾಯರನ್ನು ಎಳೆದು ಒಂದು ಹೆಸರು ಓದುವುದಕ್ಕೆ.

ಅಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಕೆಂಪು ಹಕ್ಕಿಯೊಂದು ಬೆನ್ನು ಕೆಳಗಾಗಿ ಮಲಗಿದೆ. ಎದೆಯೆಲ್ಲ ಅಚ್ಚ ಕೆಂಪು, ಕೊಕ್ಕು ನೀಲಿ ಬೂದು. ಕಾಲಿಗೆ ದಾರದಲ್ಲಿ ಕಟ್ಟಿದ ಚೀಟಿಯೂ ಕೆಂಪು. ಒಂದು ಜಾತಿಗೆ ಹೆಸರಿಡುವಾಗ ಎದುರಿಗಿಟ್ಟುಕೊಂಡ ಮೊದಲ ಹಕ್ಕಿಗೆ ಮಾತ್ರ ಕೆಂಪು ಚೀಟಿ. ಅದರ ಮೇಲೆ ಬರೆದಿರುವುದು: ಲಾಗೊನೊಸ್ಟಿಕ್ಟಾ ಬಾಶಿಕಸೂಬೈ. ಮೊದಲನೆಯದು ಕುಲದ ಹೆಸರು, ಎರಡನೆಯದು ಕರೆಯುವ ಹೆಸರು ಎಂದು ಸಂಪಾ ತನಗೆ ತಾನೇ ಅರ್ಥ ಮಾಡಿಕೊಂಡಿದ್ದ. ಅದು ಸರಿಯೂ ಹೌದು.

ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ನಲವತ್ತೈದು ವರ್ಷದ ಹಿಂದೆ ನಾರ್ವೆಯಿಂದ ಹೋಲ್ಮ್ ಎಂಬ ಗಡ್ಡದ ಪಂಡಿತ ಬಂದಿದ್ದ. ಮುಚಿಂಗಾ ಬೆಟ್ಟಸಾಲಿನ ಒಂದು ಕಲ್ಲುಕಣಿವೆಯಲ್ಲಿ ಡೇರೆ ಹಾಕಿದ್ದಾಗ ಸಂಪಾನ ಬಲೆಗೆ ಈ ಹಕ್ಕಿ ಬಿತ್ತು. ಇದರ ಹತ್ತಿರದ ಬಂಧು ಇನ್ನೊಂದು ಕೆಂಪು ಹಕ್ಕಿ ಇದೆ. ಅದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಜರ್ಮನಿಯವನೊಬ್ಬ ಹೆಸರಿಟ್ಟಾಗಿತ್ತು. ಅದರ ಎರಡೂ ಪಕ್ಕೆಯಲ್ಲಿ ಬಿಳಿ ಚುಕ್ಕಿಗಳ ಸಾಲಿರುತ್ತದೆ. ಇದಕ್ಕೆ ಒಂದು ಚುಕ್ಕಿಯೂ ಇಲ್ಲ. ಹೊಸ ಜಾತಿಯೇ ಎಂದು ಹೋಲ್ಮ್ ಕುಣಿದಾಡಿದ. ಒಳ್ಳೆಯ ಮನುಷ್ಯ. ತನ್ನ ದೇಶದ ಯಾವನೋ ದೊಡ್ಡವನ ಹೆಸರು ಇಡುವ ಬದಲು, ಅಷ್ಟು ತೆಳು ತೊಗಲನ್ನು ಒಂದು ಗರಿ ಉದುರದಂತೆ ಬಿಡಿಸಿಕೊಟ್ಟವನ ಹೆಸರೇ ಇರಲಿ ಎಂದುಕೊಂಡ. ಲಾಮೆಕ್ ಎಂಬುದು ಗೊತ್ತಿತ್ತು, ಮನೆತನದ ಹೆಸರು ಬೇಕಿತ್ತು. ಸಂಪಾನಿಗೆ ಗೊತ್ತಾಗಬಾರದೆಂದು ಗುಟ್ಟಾಗಿ ಅಡಿಗೆಯವನನ್ನು ಕೇಳಿದ, ಡ್ರೈವರನ್ನು ಕೇಳಿದ. ಇಬ್ಬರೂ ಒಂದೇ ಉತ್ತರ ಕೊಟ್ಟರು: ಬಾಶಿಕಸೂಬಾ.

ಮಕ್ಕಳಾದ ಗಂಡಸನ್ನು ಅವನ ಸ್ವಂತ ಹೆಸರು ಹಿಡಿದು ಕರೆಯುವಷ್ಟು ಒರಟರಲ್ಲ ಅವರು. ಬಾಶಿಕಸೂಬಾ ಎಂದರೆ ಕಸೂಬಾಳ ಅಪ್ಪ, ಅಷ್ಟೇ. ಕಸೂಬಾ ಎಂದರೆ ಸೂರ್ಯ. ಸಂಪಾನ ಮೊದಲ ಮಗಳು ಹೊತ್ತು ಹುಟ್ಟುವ ಹೊತ್ತಿಗೇ ಹುಟ್ಟಿದ್ದಳು. ಆಗ ನಾಲ್ಕು ವರ್ಷದವಳು. ಡೇರೆಯಲ್ಲಿ ಸಂಪಾ ಬಾಯಿ ಬಿಟ್ಟರೆ ಅವಳದೇ ಮಾತು.

ಹೆಸರು ಅಚ್ಚಾದ ಪತ್ರಿಕೆ ಹಡಗಿನಲ್ಲಿ ತೇಲಿಕೊಂಡು ಬರುವುದಕ್ಕೆ ಒಂದು ವರ್ಷದ ಮೇಲಾಯಿತು. ಅದು ಬಂದಾಗ ಕಸೂಬಾ ಇರಲಿಲ್ಲ. ಐದು ತಿಂಗಳ ಹಿಂದೆ ದಡಾರ ಅವಳನ್ನು ಕರೆದುಕೊಂಡಿತ್ತು.

ಪತ್ರಿಕೆಯ ಹಿಂದೆಯೇ ಹೋಲ್ಮ್‌ನ ಕಾಗದವೂ ಬಂತು. ನಿನ್ನ ಮನೆತನದ ಹೆಸರು ಸಂಪಾ ಎಂದು ಈಗ ತಿಳಿಯಿತು, ನಾಚಿಕೆಯಿಂದ ಸಾಯುತ್ತಿದ್ದೇನೆ, ಆದರೆ ಒಮ್ಮೆ ಅಚ್ಚಾದ ಹೆಸರನ್ನು ಇಟ್ಟವನೂ ಬದಲಿಸುವಂತಿಲ್ಲ ಎಂಬುದು ನಮ್ಮ ನಿಯಮ, ಕ್ಷಮಿಸು ಎಂದು ಬರೆದಿದ್ದ. ಸಂಪಾ ಆ ಕಾಗದವನ್ನು ತೊಗಲು ಬಿಡಿಸುವ ಮೇಜಿನ ಮೇಲಿಟ್ಟು ಮೂರು ಸಲ ಓದಿದ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡ.

ಏಕೆಂದರೆ ಆ ಹೊತ್ತಿಗೆ ಆ ಹೆಸರು ಬೇರೆಲ್ಲೂ ಉಳಿದಿರಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ, "ಆ ಹೆಸರು ಇನ್ನು ಈ ಅಂಗಳದಲ್ಲಿ ಬೇಡ" ಎಂದಿದ್ದಳು. ಮರುವರ್ಷ ಗಂಡುಮಗು ಚೋಲಾ ಹುಟ್ಟಿದ. ಅಕ್ಕಪಕ್ಕದವರು ಸದ್ಯ ಬದುಕಿದೆವು ಎಂಬಂತೆ ಅವಳನ್ನು ಬಾನಾಚೋಲಾ, ಚೋಲಾನ ಅಮ್ಮ ಎಂದೂ, ಅವನನ್ನು ಬಾಶಿಚೋಲಾ ಎಂದೂ ಕರೆಯತೊಡಗಿದರು. ಅದು ಅವರ ಒಳ್ಳೆಯತನ. ಅವರು ಕರೆದಾಗಲೆಲ್ಲ ಸಂಪಾ ಓಗೊಟ್ಟ. ಹಕ್ಕಿಯ ಹೆಸರಿನ ವಿಷಯ ಹೆಂಡತಿಗೆ ಹೇಳಬೇಕೆಂದು ಕಾಗದ ಬಂದ ದಿನ ಅಂದುಕೊಂಡ, ಬೇಡ, ನಾಳೆ ನೋಡೋಣ ಎಂದ. ಹಾಗೆಯೇ ನಲವತ್ತನಾಲ್ಕು ವರ್ಷವಾಯಿತು.

ಈಗ ಜೆರೆ ಆ ಕುಲದ ಹಕ್ಕಿಗಳನ್ನೆಲ್ಲ ಹೊಸದಾಗಿ ವಿಂಗಡಿಸುತ್ತಿದ್ದಳು. ಯಾವುದು ಬೇರೆ ಜಾತಿ, ಯಾವುದು ಸುಮ್ಮನೆ ಎರಡು ಹೆಸರು ಹೊತ್ತ ಒಂದೇ ಹಕ್ಕಿ ಎಂಬ ತೀರ್ಮಾನ ಅವಳದು. ಹೋದ ವರ್ಷ ಕೆಂಪು ಚೀಟಿಯ ಹಕ್ಕಿಯ ಕಾಲಿನಿಂದ ಅಕ್ಕಿನುಚ್ಚಿನಷ್ಟು ಚರ್ಮ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದಳು. ಬ್ಲೇಡು ಹಿಡಿಯುವುದಕ್ಕೆ ಅವಳಿಗೆ ಧೈರ್ಯ ಬರದೆ ಸಂಪಾನೇ ಕೊಯ್ದುಕೊಟ್ಟಿದ್ದ.

"ಬಚಾವಾದೆ ಕಣೋ ಮುದುಕ" ಎಂದು ಜೆರೆ ಈ ಶುಕ್ರವಾರ ಸ್ಟೂಲು ಎಳೆದುಕೊಂಡು ಕೂತಳು. "ಪರೀಕ್ಷೆ ಆ ಕಡೆಗೂ ಹೇಳಲ್ಲ, ಈ ಕಡೆಗೂ ಹೇಳಲ್ಲ. ಇನ್ನು ಚುಕ್ಕಿ ನೋಡಿ ಹೇಳ್ಬೇಕಷ್ಟೆ. ಜಗತ್ತಿನ ಎಲ್ಲ ಸಂಗ್ರಹಾಲಯದಲ್ಲೂ ಕೇಳಿದ್ದಾಯ್ತು. ಒಂದೋ ಸಾಲು ತುಂಬ ಚುಕ್ಕಿ, ಇಲ್ಲ ಸೊನ್ನೆ. ನಡುವಿಂದು ಒಂದೂ ಇಲ್ಲ."

"ನಡುವಿಂದು ಇದ್ದಿದ್ರೆ?" ಸಂಪಾ ನುಸಿಗುಳಿಗೆಯ ಪೊಟ್ಟಣ ಬಿಚ್ಚುತ್ತಾ ಕೇಳಿದ.

"ಎರಡು ಮೂರು ಚುಕ್ಕಿ ಇರೋದು ಒಂದೇ ಒಂದು ಸಿಕ್ಕಿದ್ರೂ ಎರಡೂ ಒಂದೇ ಜಾತಿ ಅಂತ ಬರೀಬೇಕಿತ್ತು. ಆಗ ಮೊದಲು ಅಚ್ಚಾದ ಹೆಸರು ಉಳಿಯುತ್ತೆ, ನಿನ್ನದು ಹೋಗುತ್ತೆ. ಸೋಮವಾರ ಮಧ್ಯಾಹ್ನ ಲೇಖನ ಕಳಿಸ್ತೀನಿ. ಕೋತಿ ಮಾಂಸ ತಿಂದು ಬೆಳೆದವನ ಹೆಸರು ಶಾಶ್ವತ ಆಯ್ತಲ್ಲಪ್ಪಾ, ನಮ್ಮ ಎಂಗೋನಿ ಜನಕ್ಕೆ ಮುಖ ಹೆಂಗೆ ತೋರಿಸ್ಲಿ?"

ಸಂಪಾ ನಗಬೇಕಿತ್ತು. ನಗು ಬರಲಿಲ್ಲ. ಪೊಟ್ಟಣದಿಂದ ಎರಡು ಗುಳಿಗೆ ಜಾರಿ ನೆಲದ ಮೇಲೆ ಉರುಳಿದವು, ಅವನು ಬಗ್ಗಿ ಹುಡುಕುವ ನೆವದಲ್ಲಿ ಮುಖ ಮರೆಸಿಕೊಂಡ.

ಏಕೆಂದರೆ ನಡುವಿನದು ಒಂದು ಇತ್ತು. ಅವನ ಮನೆಯ ಬೀರುವಿನ ಮೇಲೆ, ಹಳೆ ಸಾಮಾನಿನ ಹಿಂದೆ, ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ, ಮೂವತ್ತೊಂದು ವರ್ಷದಿಂದ. ಅದೇ ಕಣಿವೆಯ ಕೆಳತುದಿಯಲ್ಲಿ ಬಲೆಗೆ ಬಿದ್ದ ಹೆಣ್ಣುಹಕ್ಕಿ. ಎಡಪಕ್ಕೆಯಲ್ಲಿ ಮೂರು ಚುಕ್ಕಿ, ಬಲಪಕ್ಕೆಯಲ್ಲಿ ಎರಡು. ತೊಗಲು ಬಿಡಿಸುವಾಗಲೇ ಅವನಿಗೆ ಗೊತ್ತಾಗಿತ್ತು. ಪಂಡಿತರಿಗಿಂತ ಮೊದಲು ಗೊತ್ತಾಗುವುದು ಬೆರಳಿಗೆ. ಊರು, ತಾರೀಕು, ಗಂಡೋ ಹೆಣ್ಣೋ ಎಲ್ಲ ಬರೆದು ಚೀಟಿ ಕಟ್ಟಿದ. ಆಮೇಲೆ ಡ್ರಾಯರಿಗೆ ಹಾಕದೆ ಜೇಬಿಗೆ ಹಾಕಿಕೊಂಡ. ಜೀವನದಲ್ಲಿ ಅವನು ಮಾಡಿದ ಕಳ್ಳತನ ಅದೊಂದೇ.

ಶನಿವಾರ ಅವನು ಸರಿಯಾಗಿ ಉಣ್ಣಲಿಲ್ಲ. ಭಾನುವಾರ ಪ್ರಾರ್ಥನೆಯಲ್ಲಿ ಎಲ್ಲರೂ ಎದ್ದಾಗ ಕೂತ, ಕೂತಾಗ ಎದ್ದ. ಮಧ್ಯಾಹ್ನ ಬಂದವನೇ ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿ ಡಬ್ಬಿ ಇಳಿಸಿದ. ಹತ್ತಿಯ ನಡುವೆ ಹಕ್ಕಿ ಕೆಂಪಾಗಿಯೇ ಇತ್ತು. ಚೀಟಿಯಲ್ಲಿ ಎಲ್ಲ ಇತ್ತು, ಹೆಸರಿನ ಜಾಗ ಮಾತ್ರ ಖಾಲಿ. ಮಗಳ ಹೆಸರು ಉಳಿಸುವುದಕ್ಕೆ ಇನ್ನೊಂದು ಜೀವವನ್ನು ಹುಟ್ಟಿಯೇ ಇಲ್ಲವೆನ್ನುವಂತೆ ಮುಚ್ಚಿಟ್ಟಿದ್ದೆನಲ್ಲ ಎಂದು ಅವನಿಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಿನ ಸಂಕಟ ಜೆರೆಯನ್ನು ನೆನೆದಾಗ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯಾಗಿ ಬಂದಿದ್ದ ಅವಳಿಗೆ ಶುಕ್ರವಾರಗಳಲ್ಲಿ ಕತ್ತರಿ ಹಿಡಿಯುವುದನ್ನು ಕಲಿಸಿದವನು ಅವನು. "ಕಂಡದ್ದನ್ನ ಕಂಡ ಹಾಗೆ ಚೀಟೀಲಿ ಬರಿ, ಇಲಿ ತಿನ್ನೋಳೇ" ಎಂದು ತಲೆಗೆ ಮೊಟಕಿದವನೂ ಅವನೇ. ನಾಳೆ ಅವಳು ತನ್ನ ಹೆಸರಿನ ಕೆಳಗೆ ಸುಳ್ಳು ಬರೆಯಲಿದ್ದಾಳೆ, ಸುಳ್ಳೆಂದು ಅವಳಿಗೆ ಗೊತ್ತಿಲ್ಲ.

ಬಾಗಿಲು ದೂಡಿಕೊಂಡು ಹೆಂಡತಿ ಬಂದಳು. "ನನ್ನ ಗುಂಡಿ ಡಬ್ಬಿ! ಮೂವತ್ತು ವರ್ಷದಿಂದ ಹುಡುಕ್ತಿದ್ದೀನಿ. ನಿಮ್ಮ ತಂಗೀನ ಕಳ್ಳಿ ಅಂದು ಮಾತು ಬಿಟ್ಟಿದ್ದೆ. ಅದರೊಳಗೇನಿದೆ?"

"ಹಕ್ಕಿ."

"ಹಕ್ಕೀನಂತೆ! ಗುಂಡಿ ಎಲ್ಲಿ ಹೋದ್ವು?"

"ನಾಳೆ ಹೇಳ್ತೀನಿ ಬಾನಾಚೋಲಾ" ಎಂದ ಸಂಪಾ. ನಾಳೆ ಎಂಬ ಮಾತು ಬಾಯಿಗೆ ಬಂದದ್ದೇ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಸೋಮವಾರ ಅವನನ್ನು ಕಂಡು ಜೆರೆ ಗಡಿಯಾರ ನೋಡಿದಳು. "ಏನೋ, ಶುಕ್ರವಾರ ಯಾವುದು ಅನ್ನೋದೂ ಮರೆತುಹೋಯ್ತಾ? ತಲೆಯೊಳಗೂ ಹತ್ತಿ ತುಂಬ್ಕೊಂಡ್ಯಾ?"

ಅವನು ಡಬ್ಬಿಯನ್ನು ಅವಳ ಮುಂದಿಟ್ಟು ಮುಚ್ಚಳ ತೆಗೆದ. ಅವಳು ಭೂತಗನ್ನಡಿ ತೆಗೆದುಕೊಂಡು ಎಡಪಕ್ಕೆ ನೋಡಿದಳು, ಬಲಪಕ್ಕೆ ನೋಡಿದಳು, ಚೀಟಿ ಓದಿದಳು, ತಾರೀಕು ಓದಿದಳು. ಆಮೇಲೆ ಎದ್ದು ನಿಂತು ತಾನು ಕೂತಿದ್ದ ಸ್ಟೂಲನ್ನು ಅವನ ಕಡೆಗೆ ಸರಿಸಿದಳು.

"ಕೂತ್ಕೊಳ್ಳಿ" ಎಂದಳು. "ನೀವು ಕೂತ್ಕೊಳ್ಳಿ, ಅಜ್ಜ."

ಹದಿಮೂರು ವರ್ಷದಲ್ಲಿ ಅವಳ ಬಾಯಿಂದ 'ನೀವು' ಬಂದದ್ದು ಅದೇ ಮೊದಲು. ಇನ್ನು ಕೇಳುವುದು ಏನೂ ಉಳಿಯಲಿಲ್ಲ. ಸಂಪಾ ಕೂತ.

"ಬೈಯೇ" ಎಂದ. "ಎಂಗೋನಿ ಬೈಯದೆ ನಿಂತ್ರೆ ನನಗೆ ಹೆದರಿಕೆ ಆಗುತ್ತೆ. ಸತ್ತ ಮನೇಲಿ ನಿನಗೆ ಕೆಲಸ ಇದೆ, ಮಾಡು."

"ನಂಗಾಗಲ್ಲ."

"ಆಗುತ್ತೆ. ನನ್ನ ಮಗಳು ಹೋದಾಗ ನಿಮ್ಮವರು ಯಾರೂ ಬರಲಿಲ್ಲ. ದಡಾರದ ಮನೆ ಅಂತ ಹೆದರ್ಕೊಂಡ್ರು. ನಗಿಸೋರು ಒಬ್ರೂ ಇಲ್ದೆ ಮಣ್ಣು ಮಾಡಿದ್ದೀವಿ ಅವಳನ್ನ. ಈಗ ಹೆಸರನ್ನೂ ಹಂಗೇ ಕಳಿಸಬೇಡ."

ಜೆರೆ ಮೂಗು ಒರೆಸಿಕೊಂಡಳು. ಆಮೇಲೆ ಬಿಳಿ ಕೋಟು ಹಾಕಿಕೊಂಡೇ ಕಪಾಟಿನ ಸಾಲಿನ ನಡುವೆ, ತಣ್ಣನೆಯ ಸಿಮೆಂಟು ನೆಲದ ಮೇಲೆ, ಹದಿನೇಳನೆಯ ಡ್ರಾಯರಿಗೆ ಅಡ್ಡವಾಗಿ ಉದ್ದಕ್ಕೆ ಮಲಗಿಬಿಟ್ಟಳು.

"ಕೋಳಿ ಕೊಡೋ" ಎಂದಳು. "ಹುಂಜ ಕೊಡು. ಇಲ್ದಿದ್ರೆ ಏಳಲ್ಲ. ಮೂವತ್ತೊಂದು ವರ್ಷ ಹಕ್ಕಿ ಕದ್ದಿಟ್ಟ ಕಳ್ಳ, ಕೋತಿ ಜಾತಿ! ಕದಿಯೋನು ಹದ್ದು ಕದಿಯೋದಲ್ವೇನೋ, ಇದು ಒಂದು ತುತ್ತಿಗೂ ಸಾಲಲ್ಲ."

ಸಂಪಾನಿಗೆ ನಗು ಬಂತು. ನಗುತ್ತಲೇ ಅತ್ತ. ಬಾಗಿಲಿಗೆ ಬಂದ ಕಾವಲುಗಾರ ಇಣುಕಿ ನೋಡಿ, ಇವರದ್ದು ಮುಗಿಯುವಂಥದ್ದಲ್ಲ ಎಂದು ಹಿಂದಕ್ಕೆ ಹೋದ. ಎದ್ದು ಧೂಳು ಕೊಡವಿಕೊಂಡ ಮೇಲೆ ಜೆರೆ ಹೇಳಿದಳು: ಹೋದ ಹೆಸರನ್ನು ಯಾರೂ ಅಳಿಸುವುದಿಲ್ಲ, ದೊಡ್ಡ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆಯುತ್ತಾರೆ, ಆ ಕುಲದ ಇನ್ಯಾವ ಹೊಸ ಹಕ್ಕಿಗೂ ಅದನ್ನು ಇಡುವಂತಿಲ್ಲ. ಸಂಪಾ ತಲೆಯಾಡಿಸಿದ. ಆದರೆ ಇನ್ನು ಮೇಲೆ ಯಾವ ಹಕ್ಕಿಯನ್ನೂ ಯಾರೂ ಹಾಗೆ ಕರೆಯುವುದಿಲ್ಲ ಎಂಬುದು ಅವನಿಗೆ ಅರ್ಥವಾಗಿತ್ತು.

ಮನೆಗೆ ಬಂದಾಗ ಹೆಂಡತಿ ಅಂಗಳದ ಒಲೆಯ ಮೇಲೆ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಹೋಲ್ಮ್, ಅಡಿಗೆಯವನು, ಅಚ್ಚಾದ ಹೆಸರು, ಶುಕ್ರವಾರಗಳು, ಡಬ್ಬಿ, ಇವತ್ತು ಬೆಳಗ್ಗೆ. ಕಸೂಬಾ ಎಂಬ ಹೆಸರು ಆ ಅಂಗಳದಲ್ಲಿ ಎಷ್ಟೋ ಸಲ ಬಂತು. ಅವಳು ಮುದ್ದೆಕೋಲು ಬಿಡಲಿಲ್ಲ, ತಿರುವುವುದನ್ನು ಮಾತ್ರ ನಿಲ್ಲಿಸಿದ್ದಳು. ತಳ ಹಿಡಿದು ವಾಸನೆ ಬಂತು.

"ನಲವತ್ತನಾಲ್ಕು ವರ್ಷ" ಎಂದಳು. "ಶುಕ್ರವಾರ ಶುಕ್ರವಾರ ಹೋಗಿ ಅವಳಪ್ಪ ಆಗಿ ಬರ್ತಿದ್ದೆ ನೀನು."

ಐವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು 'ನೀನು' ಎಂದವಳಲ್ಲ. ಇವತ್ತು ಬೆಳಗ್ಗೆ 'ನೀವು' ಕೇಳಿ ಎದೆ ಒಡೆದಿತ್ತು, ಈಗ 'ನೀನು' ಕೇಳಿ ಅದೇ ಆಯಿತು.

"ನಾನೆಲ್ಲಿಗೆ ಹೋಗ್ಬೇಕಿತ್ತು? ನನಗೆ ಯಾವ ಡ್ರಾಯರಿತ್ತು?"

"ಆ ಹೆಸರು ಬೇಡ ಅಂದೋಳು ನೀನೇ..."

"ಅಂದೆ. ಮಗೂನ ಮಣ್ಣು ಮಾಡಿ ಬಂದ ದಿನ, ಇಪ್ಪತ್ತೈದು ವರ್ಷದ ಹುಡುಗಿ ಅಂದ ಮಾತು. ವರ್ಷ ಬಿಟ್ಟು ಇನ್ನೊಂದು ಸಲ ಕೇಳೋಕೆ ಬಾಯಿರಲಿಲ್ವಾ ನಿನಗೆ? ಬೇಡ ಅಂದೋಳು ನಾನು, ಸರಿ. ಈಗ ಬೇಕು ಅಂತ ಯಾರ ಹತ್ರ ಹೇಳ್ಬೇಕಿತ್ತು? ಊರಿಗೆಲ್ಲ ಮರೆತುಹೋಗಿದೆ, ನಿನಗೂ ಮರೆತಿದೆ ಅಂದ್ಕೊಂಡು ಬಾಯಿ ಮುಚ್ಕೊಂಡು ಬದುಕಿದೆ."

ಅವಳು ಕೈ ತೊಳೆದಳು, ಒಗೆದ ಬಟ್ಟೆಯೊಂದನ್ನು ಸೊಂಟಕ್ಕೆ ಸುತ್ತಿಕೊಂಡಳು, ಗಂಡನ ಕಡೆ ತಿರುಗಿಯೂ ನೋಡದೆ ಸಂಗ್ರಹಾಲಯದ ದಾರಿ ಹಿಡಿದಳು. ಅವನು ಹಿಂದೆ ಹಿಂದೆ ಹೋದ.

ಜೆರೆ ಆಗ ಹೊಸ ಚೀಟಿಗಳನ್ನು ಬರೆದು ಮುಗಿಸಿದ್ದಳು. ಏನೂ ಕೇಳದೆ ಡ್ರಾಯರು ಎಳೆದಳು. ಡಬ್ಬಿಯ ಹಕ್ಕಿ ಈಗ ಕೆಂಪು ಚೀಟಿಯ ಹಕ್ಕಿಯ ಪಕ್ಕದಲ್ಲೇ ಮಲಗಿತ್ತು, ಎರಡಕ್ಕೂ ಒಂದೇ ಹೆಸರಿನ ಬಿಳಿ ಚೀಟಿ.

"ಹಳೇದನ್ನ ಕಿತ್ತುಬಿಟ್ಯಾ ಮಗಳೇ?" ಎಂದು ಮುದುಕಿ ಕೇಳಿದಳು.

"ಇಲ್ಲಮ್ಮ. ಹಳೇ ಚೀಟಿ ಬಿಚ್ಚೋದು ನಮ್ಮಲ್ಲಿ ದೊಡ್ಡ ತಪ್ಪು. ಹೊಸದು ಅದರ ಮೇಲೆ ಕಟ್ತೀವಿ, ಅಷ್ಟೇ."

ಮುದುಕಿ ಬಿಳಿ ಚೀಟಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಕೆಂಪು ಚೀಟಿಗೆ ಮುಖ ಹತ್ತಿರ ತಂದಳು. ಬಾ, ಶಿ, ಕ, ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮುಂದಿನದನ್ನು ಓದಲಿಲ್ಲ, ತುಟಿ ಮಾತ್ರ ಆಡಿದವು. ಆಮೇಲೆ ಹಕ್ಕಿಯ ಎದೆಯ ಮೇಲೆ ಬೆರಳಿಟ್ಟಳು.

"ಅವಳ ಮುಷ್ಟಿಯಷ್ಟೇ ಇದೆ" ಎಂದಳು.

ವಾಪಸು ಬರುವಾಗಲೂ ಅವಳ ಕೋಪ ಇಳಿದಿರಲಿಲ್ಲ. ಮಾವಿನ ಮರಗಳ ಕೆಳಗಿನ ಮಣ್ಣು ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ಬಿರಬಿರನೆ ನಡೆಯುತ್ತಿದ್ದಳು. ಸಂಪಾನ ಮೊಣಕಾಲು ಅಷ್ಟು ಓಡುವಂಥದ್ದಲ್ಲ.

"ಬಾನಾಚೋಲಾ, ಸ್ವಲ್ಪ ನಿಲ್ಲು" ಎಂದು ಕೂಗಿದ. ಅವಳು ನಿಲ್ಲಲಿಲ್ಲ.

"ಬಾನಾಚೋಲಾ!" ಎದುರಿಗೆ ಸೈಕಲ್ಲಿನಲ್ಲಿ ಬಂದವನು ತಿರುಗಿ ನೋಡಿದ, ಅವಳು ನೋಡಲಿಲ್ಲ.

ಸಂಪಾ ನಿಂತ. ನಲವತ್ತನಾಲ್ಕು ವರ್ಷ ಆಡದ ಮಾತು ನಾಲಿಗೆಗೆ ಸಿಗುತ್ತದೋ ಇಲ್ಲವೋ ಎಂದು ಹೆದರಿಕೆಯಾಯಿತು.

"ಬಾನಾಕಸೂಬಾ" ಎಂದು ಕರೆದ. ದೊಡ್ಡದಾಗಿಯೇನೂ ಕರೆಯಲಿಲ್ಲ.

ಅವಳ ಕಾಲು ನಿಂತವು. ಬೆನ್ನು ತಿರುಗಿಸಿಕೊಂಡೇ ಒಂದು ಗಳಿಗೆ ನಿಂತಿದ್ದಳು, ಸೊಂಟದ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಓ" ಎಂದು ಓಗೊಟ್ಟಳು. ಆಮೇಲೆ ತಿರುಗಿ, "ಬೇಗ ಬನ್ನಿ ಬಾಶಿಕಸೂಬಾ, ಸೀದದ್ದು ಸೀದುಹೋಯ್ತು, ಇನ್ನೊಂದು ಮುದ್ದೆ ತಿರುವಬೇಕು" ಎಂದು ಅವನು ಬರುವವರೆಗೂ ಅಲ್ಲೇ ಕಾದಳು.